ಕಿತ್ತಳೆ ಸಿಪ್ಪೆಯ ಸಾಕ್ಷಿ

ಮೊದಲು ಮುಚ್ಚಳ ಹಾರಿತೋ, ಮೊದಲು ಆ ಹಿರಿಯರು "ವಾಸನೆ ನೋಡಬಹುದೇ?" ಎಂದು ಕೇಳಿದರೋ ಎಂಬುದು ನನಗೆ ಈಗ ಖಚಿತವಿಲ್ಲ. ಕೇಳಿದ ಮೇಲೆಯೇ ಹಾರಿರಬೇಕು, ತರ್ಕ ಹಾಗೆ ಹೇಳುತ್ತದೆ. ಆದರೆ ನನ್ನ ನೆನಪಿನಲ್ಲಿ ಮಾತ್ರ ಮೊದಲು ಅವರ ಬಿಳಿ ಅಂಗಿಯ ಎದೆಯ ಮೇಲೆ ಒಂದು ಕಿತ್ತಳೆ ಸಿಪ್ಪೆ ಪದಕದಂತೆ ಅಂಟಿಕೊಂಡಿದೆ, ಆಮೇಲೆ ಅವರು ಬಾಟಲಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಈ ಪ್ರಸಂಗವನ್ನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಅದು ಒಂದಿಷ್ಟು ಸವೆದು, ಇನ್ನೊಂದಿಷ್ಟು ಬೆಳೆದಿದೆ. ನನ್ನ ಹೆಂಡತಿ ಉಮಾ ಮೈಸೂರಿನವಳು, ಸಾವಧಾನವಾಗಿ ಚುಚ್ಚುತ್ತಾಳೆ. "ಹೋದ್ಸಲ ಜುಬ್ಬ ಅಂದಿದ್ರಿ, ಈ ಸಲ ಅಂಗಿ ಆಯ್ತು. ಮುಂದಿನ ಸಲ ಪಾಪ ಒಂದು ಸೂಟ್ ಹಾಕ್ಸಿಬಿಡಿ ಅವ್ರಿಗೆ."

ಆ ಪ್ರಸಂಗದಿಂದ ನನಗೆ ಖಚಿತವಾಗಿ ಉಳಿದದ್ದು ಒಂದು ಚಟ ಮಾತ್ರ. ಮುಚ್ಚಿದ ಬಾಟಲಿ ಎಲ್ಲಿ ಕಂಡರೂ ನನ್ನ ಕೈ ತಾನಾಗಿ ಹೋಗಿ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸುತ್ತದೆ. ಮೊನ್ನೆ ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಹೋಟೆಲೊಂದರಲ್ಲಿ ಉಮಾಳ ಅಣ್ಣ ಪ್ರೀತಿಯಿಂದ ಸೋಡಾ ತರಿಸಿದರು. ಅವರು ಕೈ ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲಿನ ಬಾಟಲಿಗಳೆಲ್ಲ ಉಸ್ಸೆಂದು ಉಸಿರು ಬಿಟ್ಟು ಬರೀ ನೀರಾಗಿದ್ದವು. ಭಾವ ಒಂದು ಗುಟುಕು ಕುಡಿದು ಮಾಣಿಯನ್ನು ಬೈದರು. ನಾನು ಸುಮ್ಮನೆ ಮೆನು ಓದಿದೆ. ಉಮಾ ಮಾತ್ರ ನನ್ನನ್ನೇ ನೋಡುತ್ತ, "ನಿಮ್ಮ ಯೂನಿವರ್ಸಿಟಿ ಇನ್ನೂ ನಿಮ್ಮ ಕೈಯಿಂದ ಇಳಿದಿಲ್ಲ" ಎಂದಳು.

ಇಳಿಯುವುದು ಹೇಗೆ, ನೀವೇ ಹೇಳಿ. ನಾನು ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸಬೇಕು ಎಂಬುದು ನನ್ನ ಮೊದಲ ತರಗತಿಯ ಮೊದಲ ಮಾತು. ಅಂಥವನ ಕೋಣೆಯ ಪಕ್ಕದ ಉಗ್ರಾಣದಲ್ಲಿ ಒಂದು ದಿನ ಡ್ರಮ್ಮುಗಳು ಬಂದು ಕುಳಿತವು. ಇನ್ನು ಮುಂದೆ ಕ್ಯಾಂಪಸ್ಸಿನಲ್ಲಿ ಆಸಿಡ್ ಇಲ್ಲ, ಫಿನೈಲ್ ಇಲ್ಲ. ನೆಲ, ಬಚ್ಚಲು, ಪಾಯಿಖಾನೆ ಎಲ್ಲಕ್ಕೂ ಕಿತ್ತಳೆ, ಮೋಸಂಬಿ, ನಿಂಬೆಯ ಸಿಪ್ಪೆಗಳನ್ನು ಬೆಲ್ಲದ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಸೋಸಿದ ದ್ರಾವಣ. ಪ್ರತಿ ವಿಭಾಗವೂ ತನ್ನದನ್ನು ತಾನೇ ತಯಾರಿಸಬೇಕು. ಈ ಸಂದೇಶವನ್ನು ಮುಖ್ಯದ್ವಾರದಲ್ಲಿ ಒಂದು ಭಾರೀ ಪ್ಲಾಸ್ಟಿಕ್ ಬ್ಯಾನರಿನ ಮೇಲೆ ಅಚ್ಚು ಹಾಕಿಸಿ ತೂಗುಹಾಕಿದ್ದರು.

ಯೋಜನೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆಸಿಡ್ಡಿನ ಹೊಗೆ ಕುಡಿದು ಕೆಮ್ಮುವವರನ್ನು ನಾನೂ ನೋಡಿದ್ದೇನೆ. ನನಗೆ ರೇಗುವುದು ಒಳ್ಳೆಯ ಕೆಲಸಕ್ಕೆ ನಾವು ಹೊರಡುವ ರೀತಿಗೆ. ಸಿಪ್ಪೆ ಸಾಲದೆಂದು ಕ್ಯಾಂಟೀನಿನವನಿಗೆ ಹೆಚ್ಚು ಜ್ಯೂಸ್ ಮಾರಲು ಆಜ್ಞೆಯಾಯಿತು. ಆಗಲೂ ಸಾಲದೆ ಅಧ್ಯಾಪಕರು ಮನೆಯಿಂದ ತರಬೇಕೆಂದಾಯಿತು. ಆ ಚಳಿಗಾಲವಿಡೀ ನಾನು ಪರಿಸರದ ಸಲುವಾಗಿ ಮೋಸಂಬಿ ತಿಂದೆ. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬ ಮಾರುಕಟ್ಟೆಯಿಂದ ಬುಟ್ಟಿಗಟ್ಟಲೆ ಕಿತ್ತಳೆ ತಂದು, ಸಿಪ್ಪೆ ಸುಲಿದು ವಿಭಾಗಕ್ಕೆ ಕೊಟ್ಟು, ಹಣ್ಣನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಕಾರಿಡಾರಿನಲ್ಲಿ ಹಂಚುತ್ತ ತಿರುಗುತ್ತಿದ್ದ. ತ್ಯಾಜ್ಯ ಬಳಸಿಕೊಳ್ಳುವುದಕ್ಕಾಗಿ ತ್ಯಾಜ್ಯವನ್ನು ಉತ್ಪಾದಿಸುವ ಜಾಣತನ ಅರ್ಥಶಾಸ್ತ್ರಜ್ಞರಿಗಲ್ಲದೆ ಇನ್ನಾರಿಗೆ ಹೊಳೆದೀತು?

ಕಾರ್ಯಾಗಾರವೂ ನಡೆಯಿತು. ತರಬೇತಿ ಕೊಡಲು ಬಂದ ಮಹಿಳೆ ಮೈಕು ಹಿಡಿದು, "ನಿಮ್ಮ ಅಜ್ಜಿ, ನಿಮ್ಮ ತಾಯಿ ಪಾತ್ರೆಗಳನ್ನು ಹೇಗೆ ತಿಕ್ಕುತ್ತಿದ್ದರು? ನೆನಪಿದೆಯೇ?" ಎಂದರು. ಯಾರೂ ಬಾಯಿ ಬಿಡದಿದ್ದಾಗ ನಾನೇ ಎದ್ದೆ. ಧಾರವಾಡದ ಬಾಡಿಗೆ ಮನೆಯ ಹಿತ್ತಿಲು, ಬಾವಿಕಟ್ಟೆ, ಒಲೆಯ ಬೂದಿ, ಹಿತ್ತಾಳೆಗೆ ಹುಣಸೆಹಣ್ಣು, ರೇಷ್ಮೆಗೆ ಅಂಟವಾಳದ ನೊರೆ ಎಲ್ಲವನ್ನೂ ವರ್ಣಿಸಿದೆ. ಚಿಕ್ಕವನಿದ್ದಾಗ ತೆಂಗಿನ ನಾರಿನಿಂದ ಕೊಡಪಾನವನ್ನು ನಾನೇ ತಿಕ್ಕುತ್ತಿದ್ದುದನ್ನು, ಬೆರಳುಗಳಿಗೆ ಸಂಜೆಯವರೆಗೂ ಹುಳಿ ವಾಸನೆ ಇರುತ್ತಿದ್ದುದನ್ನು ಹೇಳಿ, ಸ್ವಲ್ಪ ಗಂಟಲು ಕಟ್ಟಿದಂತೆಯೂ ಮಾಡಿದೆ. ಚಪ್ಪಾಳೆ ಬಿತ್ತು.

ಅದೇ ಖುಷಿಯಲ್ಲಿ ಧಾರವಾಡದ ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳು ನಗಲಿಲ್ಲ.

"ಯಾರು, ನೀ ತಿಕ್ಕಿದ್ಯಾ? ಕೊಡಪಾನಾ?"

"ಹೌದಲ್ಲ. ಬಾವಿಕಟ್ಟಿ ಹತ್ರ."

"ತಮ್ಮಾ, ತಿಕ್ಕಾಕಿ ನಾನು. ನೀ ತಿಕ್ಕೂ ಹುಣಸಿಹಣ್ಣ ಕದ್ದು ಬಾಯಾಗ ಹಾಕ್ಕೊಂಡು ಕಟ್ಟಿ ಮ್ಯಾಲೆ ಕಾಲು ಅಲ್ಲಾಡಸ್ಕೋತ ಕೂಡ್ತಿದ್ದಿ. ಹುಳಿ ನಿನಗ ಭಾಳ ನೆನಪದ ಅಂದ್ರ ಅದಕ್ಕ."

ಅಷ್ಟಕ್ಕೇ ಬಿಡಲಿಲ್ಲ. "ಮತ್ತ ಅವ್ವನ ಹೆಸರು ಯಾಕ ತಗದಿ ಅಲ್ಲೆ? ಅವ್ವಗ ಬೂದಿ ಅಂದ್ರ ಆಗ್ತಿದ್ದಿಲ್ಲ. ಚಳಿಗಾಲದಾಗ ಬೆರಳು ಸೀಳಿ ರಕ್ತ ಬರ್ತಿತ್ತು. ತಿಕ್ಕೂ ಪುಡಿ ಡಬ್ಬಿ ಮನಿಗೆ ಬಂದ ದಿವಸ ಬೂದಿ ಬುಟ್ಟಿ ತಿಪ್ಪಿಗೆ ಒಗದು ಬಂದ್ಲು. ನಿಮ್ಮ ಸಾಹೇಬರಿಗೆ ಇದನ್ನೂ ಹೇಳು."

ಹೇಳಲಿಲ್ಲ. ಚಪ್ಪಾಳೆಯನ್ನು ವಾಪಸು ಕೊಡುವ ಪದ್ಧತಿ ಇಲ್ಲ. ಆದರೆ ಒಂದು ಕಿರಿಕಿರಿ ಒಳಗೆ ಹೊಕ್ಕಿತು. ಬೆರಳಿನ ಹುಳಿ ವಾಸನೆ ನನಗೆ ಈಗಲೂ ನೆನಪಿದೆ. ತಿಕ್ಕದ ಬೆರಳಿಗೆ ಆ ವಾಸನೆ ಎಲ್ಲಿಂದ ಬಂತು?

ಇರಲಿ, ಶರಣಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ವಿಭಾಗದ ಸ್ವಚ್ಛತೆಯ ಕೆಲಸ ಅವಳದು. ಅಫಜಲಪುರದ ಕಡೆಯವಳು. ಗಂಡನೊಂದಿಗೆ ಗಾರೆ ಕೆಲಸಕ್ಕೆಂದು ಪುಣೆಗೆ ಬಂದು, ಆಮೇಲೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಈ ಕೆಲಸ ಹಿಡಿದಿದ್ದಳು. ಸೀರೆಯ ಮೇಲೆ ಗುತ್ತಿಗೆದಾರ ಕೊಟ್ಟ ಹಸಿರು ಕೋಟು. ಮರಾಠಿಯನ್ನು ಪುಣೆಯವರಿಗಿಂತ ಜೋರಾಗಿ ಮಾತಾಡುತ್ತಾಳೆ, ಬೈಯುವುದನ್ನು ಮಾತ್ರ ಕನ್ನಡದಲ್ಲಿ ನನ್ನ ಬಾಗಿಲಿಗೆ ಬಂದು ಬೈಯುತ್ತಾಳೆ. ಮನೆ ಖಡಕಿಯ ಬಜಾರಿನ ಹಿಂದೆ, ನಡೆದು ಹೋಗಿ ಬರುವಷ್ಟು ಹತ್ತಿರ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಮಧ್ಯಾಹ್ನ ಓಡಿಹೋಗಿ ಅವಳಿಗೆ ಗಂಜಿ ಕುಡಿಸಿ, ಮಗ್ಗಲು ಬದಲಿಸಿ ಬರಬೇಕು. "ಮುದುಕಿ ಸಾಯೂದಿಲ್ಲ, ನಾ ಸಾಯಲಿಕ್ಕ ಬಿಡೂದಿಲ್ಲ. ಇಬ್ಬರಿಗೂ ಹಟ ಅದರೀ ಸರ" ಎನ್ನುತ್ತಿದ್ದಳು.

ಹೊಸ ದ್ರಾವಣವನ್ನು ಅವಳು ಮೊದಲ ದಿನದಿಂದಲೇ ಹಗೆ ಹಿಡಿದಳು.

"ಇದೇನ್ರಿ ಸರ, ಪಾನಕ ಇದ್ದಂಗ ಅದ. ಪಾಯಖಾನಿಗೆ ಪಾನಕ ಕುಡಸಂತಾರ."

"ಕೈ ಉರಿಯೂದಿಲ್ಲಲ್ಲ ಶರಣಮ್ಮ. ಅದು ಚಲೋನ ಅಲ್ಲ?"

"ಕೈ ಉರಿಯೂದಿಲ್ಲರಿ, ಹೊಟ್ಟಿ ಉರೀತದ. ತಿಕ್ಕಿ ತಿಕ್ಕಿ ಸಾಯ್ತೀನಿ, ಆಮ್ಯಾಲ ಬಂದವ್ರು ಮೂಗು ಏರಿಸಿ, ಏನೂ ವಾಸನಿ ಬರವಲ್ದು, ತೊಳದೀಯೋ ಇಲ್ಲೋ ಅಂತ ಕೇಳ್ತಾರ."

ಇದು ನಿಜ. ನಮ್ಮ ಜನಕ್ಕೆ ಸ್ವಚ್ಛತೆ ಎಂದರೆ ಕಣ್ಣಿನ ವಿಷಯವಲ್ಲ, ಮೂಗಿನ ವಿಷಯ. ಫಿನೈಲಿನ ಘಾಟು ಮೂಗಿಗೆ ಬಡಿಯದ ಹೊರತು ತೊಳೆದಿದ್ದಾರೆಂದು ನಂಬುವುದಿಲ್ಲ. ನೆಲ ಫಳಫಳ ಹೊಳೆಯುತ್ತಿದ್ದರೂ ಪಿಎಚ್‌ಡಿ ಮಾಡಿದವರೇ ದೂರು ಕೊಟ್ಟರು. ಕೊನೆಗೆ ಶರಣಮ್ಮ ಒಂದು ಉಪಾಯ ಮಾಡಿದಳು. ತೊಳೆಯುವುದು ಸಿಪ್ಪೆಯ ನೀರಿನಿಂದಲೇ. ಆಮೇಲೆ ಅತ್ತರು ಹಚ್ಚಿದ ಹಾಗೆ ಬಾಗಿಲ ಚೌಕಟ್ಟಿಗೆ ನಾಲ್ಕು ಹನಿ ಫಿನೈಲು. ದೂರುಗಳು ನಿಂತವು. ಉಗ್ರಾಣದ ಕಿತ್ತಳೆ ಬಾಟಲಿಗಳ ಹಿಂದೆ ಒಂದು ಕಪ್ಪು ಬಾಟಲಿ ಅಡಗಿರುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಗೊತ್ತಿದೆ ಎನ್ನಲಿಲ್ಲ.

ಹೀಗಿರುವಾಗ ಪರಿಶೀಲನಾ ಸಮಿತಿ ಬರುತ್ತದೆಂದಾಯಿತು. ಹಸಿರು ಸ್ವಚ್ಛತೆಯಲ್ಲಿ ಯಾವ ವಿಭಾಗ ಮುಂದಿದೆ ಎಂದು ನೋಡಿ ಪ್ರಮಾಣಪತ್ರ ಕೊಡುವ ಸಮಿತಿ. ನಮ್ಮ ಮುಖ್ಯಸ್ಥೆ ಜೋಗಳೇಕರ್ ಮೇಡಂ ಒಳ್ಳೆಯ ವಿದ್ವಾಂಸೆ, ಆದರೆ ಪ್ರಮಾಣಪತ್ರ ಎಂದರೆ ಅವರಿಗೆ ಒಂದು ಬಗೆಯ ಜ್ವರ ಬರುತ್ತದೆ. ಸೆಮಿನಾರ್ ಹಾಲಿನಲ್ಲಿ ಉದ್ದ ಮೇಜು ಹಾಕಿಸಿ, ಬಿಳಿ ಬಟ್ಟೆ ಹಾಸಿ, ಚೆಂಡುಹೂವು ಸುರಿದು, ಬಾಟಲಿಗಳ ಪ್ರದರ್ಶನ ಏರ್ಪಡಿಸಿದರು. ಪಕ್ವವಾಗಿ ತಯಾರಾಗಿದ್ದ ಹಳೆಯ ದ್ರಾವಣ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ನೋಡಲು ಚೆನ್ನಾಗಿಲ್ಲವೆಂದು ಮೊನ್ನೆ ಮೊನ್ನೆ ಕಲಸಿಟ್ಟ, ಒಳಗೆ ಸಿಪ್ಪೆ ಇನ್ನೂ ಬಂಗಾರದಂತೆ ತೇಲುತ್ತಿದ್ದ ಬಾಟಲಿಗಳನ್ನೇ ಸಾಲಾಗಿ ನಿಲ್ಲಿಸಿದರು. ಹೊಸ ಬಾಟಲಿ ಎಂದರೆ ಹುಳಿಯುತ್ತ ಗಾಳಿ ಬಿಡುವ ಬಾಟಲಿ, ಮುಚ್ಚಳವನ್ನು ದಿನವೂ ಸಡಿಲಿಸಬೇಕು, ಇಲ್ಲದಿದ್ದರೆ ಒಳಗೆ ಒತ್ತಡ ಕೂಡುತ್ತದೆ. ಕಾರ್ಯಾಗಾರದಲ್ಲಿ ಇದನ್ನು ಹೇಳಿದ್ದರು. ಆದರೆ ಕಾರ್ಯಾಗಾರದಿಂದ ನಮ್ಮವರಿಗೆ ನೆನಪುಳಿದದ್ದು ಅಜ್ಜಿ ಮಾತ್ರ.

ಸಮಿತಿಯ ಹಿಂದಿನ ದಿನವನ್ನು ಹಸಿರು ದಿನವೆಂದು ಘೋಷಿಸಿ, ಎಲ್ಲರೂ ಹಸಿರು ಉಡಬೇಕೆಂದು ಸುತ್ತೋಲೆ ಬಂತು. ಮೇಡಂ ಹಸಿರು ಸೀರೆ, ಕಚೇರಿಯ ಹೆಂಗಸರೆಲ್ಲ ಹಸಿರು ಸೀರೆ. ನಾನು ಹಳೆಯದೊಂದು ಗಿಳಿಹಸಿರು ಟೀ ಶರ್ಟಿನಲ್ಲಿ ಇಡೀ ದಿನ ಮುಜುಗರಪಟ್ಟೆ. ಸಂಜೆ ಮನೆಗೆ ಹೊರಟಾಗ ಸೆಮಿನಾರ್ ಹಾಲಿನ ಮುಂದೆ ಹಾದುಹೋದೆ. ಇಲ್ಲಿಯವರೆಗೆ ಎಲ್ಲವೂ ಖಚಿತ.

ಮರುದಿನ ಬೆಳಿಗ್ಗೆ ಮೇಡಂ ಪಾಯಿಖಾನೆಗಳನ್ನು ಸುತ್ತಿ ಬಂದರು. ಮುಖ ಬಾಡಿತ್ತು. ಸಮಿತಿಗೆ ಹೆದರಿ ಶರಣಮ್ಮ ಆ ದಿನ ನಾಲ್ಕು ಹನಿ ಫಿನೈಲನ್ನೂ ಹಾಕಿರಲಿಲ್ಲ. ಶರಣಮ್ಮನನ್ನು ಕರೆದು ಮರಾಠಿಯಲ್ಲಿ ಪಿಸುಗುಟ್ಟಿದರು. "ಶರಣಮ್ಮಬಾಯಿ, ಏನೂ ವಾಸನೆಯೇ ಇಲ್ಲ. ಸಮಿತಿ ಬರುತ್ತಿದೆ. ಇವತ್ತೊಂದು ದಿನ ಆ ನಿನ್ನ ಕಪ್ಪು ಬಾಟಲಿ ಹಾಕಿಬಿಡು. ಕೈ ಬಿಗಿ ಮಾಡಬೇಡ."

ಶರಣಮ್ಮ ಕೈ ಬಿಗಿ ಮಾಡಲಿಲ್ಲ. ಫಿನೈಲ್ ಬಿಟ್ಟದ್ದಕ್ಕೆ ಪ್ರಮಾಣಪತ್ರ ಪಡೆಯಲು ಹೊರಟ ವಿಭಾಗ ಮೆಟ್ಟಿಲಿನಿಂದ ಮಾಳಿಗೆಯವರೆಗೆ ಫಿನೈಲಿನಿಂದ ಗಮಗಮಿಸಿತು. ಸಮಿತಿಯ ಹಿರಿಯರು ಒಳಗೆ ಬಂದವರೇ ನಿಂತು, ದೀರ್ಘವಾಗಿ ಉಸಿರೆಳೆದು, "ವಾ, ಎಷ್ಟು ಸ್ವಚ್ಛ ಅನಿಸುತ್ತಿದೆ. ಇದೇ ತಾನೇ ನಿಮ್ಮ ನೈಸರ್ಗಿಕ ದ್ರಾವಣ?" ಎಂದರು. ಮೇಡಂ ತಲೆಯಾಡಿಸಿದರು. ನಾನು ಚಾವಣಿ ನೋಡಿದೆ.

ಆಮೇಲೆ ಸೆಮಿನಾರ್ ಹಾಲ್, ಮೇಜು, ಬಾಟಲಿ. ಬಾಟಲಿಗಳು ಉಬ್ಬಿ ಸಂಭಾವಿತರ ಹೊಟ್ಟೆಗಳಂತೆ ನಿಂತಿದ್ದವು. ಯಾರೋ ಎಲ್ಲ ಮುಚ್ಚಳಗಳನ್ನೂ ಅಚ್ಚುಕಟ್ಟಾಗಿ, ಬಿಗಿಯಾಗಿ ತಿರುವಿಟ್ಟಿದ್ದರು. ಹಿರಿಯರು ವಾಸನೆ ನೋಡಲು ಒಂದನ್ನು ಎತ್ತಿ ತಿರುವಿದರು. ಮುಂದಿನದನ್ನು ಮೊದಲೇ ಹೇಳಿದ್ದೇನೆ, ಕ್ರಮ ತಪ್ಪಿದ್ದರೆ ಕ್ಷಮಿಸಿ.

ಪ್ರಮಾಣಪತ್ರ ಬರಲಿಲ್ಲ. ಆದ್ದರಿಂದ ಅಪರಾಧಿ ಬೇಕಾಯಿತು. ಫಿನೈಲಿನ ಮಾತನ್ನು ಯಾರೂ ಎತ್ತುವಂತಿರಲಿಲ್ಲ, ಏಕೆಂದರೆ ಸಮಿತಿ ಆ ದಿನ ಹೊಗಳಿದ್ದು ಅದೊಂದನ್ನೇ. ಉಳಿದದ್ದು ಮುಚ್ಚಳ. ಮುಚ್ಚಳ ಬಿಗಿದವರು ಯಾರು? ಗುತ್ತಿಗೆದಾರನ ಮೇಲ್ವಿಚಾರಕ ಬಂದು ಶರಣಮ್ಮನೇ ಇರಬೇಕೆಂದು ನಿರ್ಧರಿಸಿದ. ಅವಳನ್ನು ಮಗರಪಟ್ಟಾದ ಯಾವುದೋ ಬಹುಮಹಡಿ ಕಟ್ಟಡದ ಕೆಲಸಕ್ಕೆ ಹಾಕುತ್ತೇನೆಂದ. ಪುಣೆಯ ಇನ್ನೊಂದು ತುದಿ, ಬಸ್ಸು ಬದಲಿಸಿ ಹೋಗಬೇಕು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆ.

ಅವಳು ನನ್ನ ಬಾಗಿಲಿಗೆ ಬಂದಳು. ಈ ಸಲ ಬೈಯಲಿಲ್ಲ.

"ಮಧ್ಯಾಹ್ನ ಮುದುಕಿಗೆ ಯಾರು ನೀರು ಹಾಕ್ತಾರ್ರಿ ಸರ? ಗಂಡ ಸೈಟಿನ ಮ್ಯಾಲ. ಬಾಗಲಾ ಹಾಕ್ಕೊಂಡು ಹೋದ್ರ ಅದು ಒಳಗ... ನೀವು ಅವತ್ತು ಸಂಜಿಮುಂದ ಆ ಕಡಿಂದ ಹಾದು ಹೋಗೀರಿ. ನೋಡಿರ್ತೀರಿ. ಹೇಳ್ರಿ ನೀವು."

ಮೇಡಂ ಕೋಣೆಯಲ್ಲಿ ಸಭೆ ಸೇರಿತು. ಮೇಡಂ, ಮೇಲ್ವಿಚಾರಕ, ಕಚೇರಿಯವರು, ಬಾಗಿಲ ಬಳಿ ಶರಣಮ್ಮ. "ಅಹೋ ಸರ್, ನೀವು ಕೊನೆಗೆ ಹೋದವರು. ಏನಾದರೂ ಕಂಡಿರಾ?" ಎಂದು ಮೇಡಂ ಕೇಳಿದರು.

ನಾನು ಕಣ್ಣು ಮುಚ್ಚಿದೆ. ಚಿತ್ರ ತಾನಾಗಿ ಬಂತು. ಮುಚ್ಚಿದ ಬಾಗಿಲಿನ ಗಾಜಿನಾಚೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಮೇಜಿನ ಮೇಲೆ ಬಾಗಿದ ಒಂದು ಹಸಿರು ಸೀರೆ. ಕೈ ಒಂದೊಂದೇ ಮುಚ್ಚಳವನ್ನು ತಿರುವುತ್ತಿದೆ. ಹಾಗೆಯೇ ಹೇಳಿದೆ.

"ಹಸಿರು ಅಂದರೆ ಇವಳ ಕೋಟೇ" ಎಂದ ಮೇಲ್ವಿಚಾರಕ.

"ಇಲ್ಲ. ಸೀರೆ ಮಾತ್ರ. ಕೋಟು ಇರಲಿಲ್ಲ, ಸೆರಗು ಕಂಡಿತು. ಶರಣಮ್ಮ ಕೋಟು ಬಿಚ್ಚಿ ಕೆಲಸ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಅದು ಅವಳಲ್ಲ."

"ಖಾತ್ರಿಯೇ?" ಎಂದರು ಮೇಡಂ.

"ಬಾಗಿಲಿನ ಗಾಜಿನಿಂದ ಕಣ್ಣಾರೆ ನೋಡಿದ್ದೇನೆ."

ನಾನು ತರಗತಿಯಲ್ಲಿ ಯಾರನ್ನು ನಂಬಬೇಡಿ ಎನ್ನುತ್ತೇನೋ ಅವನದೇ ಮಾತು, ಅವನದೇ ಧಾಟಿ. ಆ ದಿನ ಹಸಿರು ಸೀರೆ ಉಟ್ಟವರೆಲ್ಲ ಅಲ್ಲೇ ಕೂತಿದ್ದರು, ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಮೇಡಂ ಕನ್ನಡಕ ಒರೆಸಿ, ಇದೊಂದು ನೈಸರ್ಗಿಕ ಪ್ರಕ್ರಿಯೆ, ಯಾರದೂ ತಪ್ಪಲ್ಲ, ವಿಷಯ ಇಲ್ಲಿಗೆ ಮುಗಿಯಿತು ಎಂದರು. ಮೇಲ್ವಿಚಾರಕ ಚಹಾ ಕುಡಿದು ಹೋದ. ಶರಣಮ್ಮ ಅಂದು ಮಧ್ಯಾಹ್ನ ಎಂದಿನಂತೆ ಖಡಕಿಗೆ ಓಡಿದಳು.

ನನಗೆ ಹಿಗ್ಗೋ ಹಿಗ್ಗು. ಉಮಾಳಿಗೆ ಹೇಳಿದೆ, ಅಕ್ಕನಿಗೆ ಹೇಳಿದೆ. ಅಕ್ಕ ಎಲ್ಲ ಕೇಳಿಸಿಕೊಂಡು, "ಚಲೋ ಆತು ಬಿಡು. ಖರೇನ ನೋಡಿದ್ಯಾ, ಇಲ್ಲಾ ಕೊಡಪಾನ ತಿಕ್ಕಿದಂಗ ನೋಡಿದ್ಯಾ?" ಎಂದಳು.

ಅಕ್ಕಂದಿರು ಇಂಥ ಮಾತನ್ನು ಆಡಿ ಫೋನ್ ಇಟ್ಟುಬಿಡುತ್ತಾರೆ, ಕೊರೆಯುವುದು ನಮಗೆ. ಚಿತ್ರವನ್ನು ಮತ್ತೆ ಮತ್ತೆ ಕರೆಸಿ ನೋಡಿದೆ. ಪ್ರತಿ ಸಲವೂ ಸ್ಪಷ್ಟವಾಗಿ ಬಂತು. ಅಷ್ಟು ಸ್ಪಷ್ಟವಾಗಿ ಬರುವುದೇ ಅನುಮಾನ ಹುಟ್ಟಿಸಿತು. ಒಂದು ಸಲ ಸೆರಗಿಗೆ ಜರಿ ಇತ್ತು, ಇನ್ನೊಂದು ಸಲ ಇರಲಿಲ್ಲ. ಕೈಗೆ ಒಮ್ಮೆ ಬಳೆ ಬಂತು, ಮರುದಿನ ಗಡಿಯಾರ. ತಾಳಲಾರದೆ ಶರಣಮ್ಮನನ್ನೇ ಕೇಳಿದೆ. ಅವಳು ಕಾರಿಡಾರ್ ಒರೆಸುತ್ತಿದ್ದಳು, ಹಸಿರು ಕೋಟು ಕಿಟಕಿಯ ಸರಳಿಗೆ ನೇತಾಡುತ್ತಿತ್ತು.

"ಶರಣಮ್ಮ, ಕೋಟು?"

"ಸೆಕಿ ರೀ ಸರ. ಯಾವಾಗಲೂ ಅಲ್ಲೇ ಹಾಕಿರ್ತೀನಿ, ನೀವು ನೋಡಿಲ್ಲ."

"ಹಂಗಾದ್ರ ಅವತ್ತು ಮುಚ್ಚಳ ತಿರುವಿದವ್ರು... ನೀನಲ್ಲಲ್ಲ?"

ಅವಳು ಒರೆಸುವುದನ್ನು ನಿಲ್ಲಿಸಿ ನನ್ನನ್ನು ದೀರ್ಘವಾಗಿ ನೋಡಿದಳು. ಕರುಣೆಯೋ, ತಮಾಷೆಯೋ, ಬೇಸರವೋ ತಿಳಿಯಲಿಲ್ಲ.

"ನಾ ಅಲ್ಲಂತ ನೀವ ನೋಡೀರಲ್ರಿ ಸರ. ಮತ್ಯಾಕ ನನ್ನ ಕೇಳ್ತೀರಿ? ಕಾಲು ಎತ್ತರಿ, ನೆಲ ಹಸಿ ಅದ."

ಕಾಲು ಎತ್ತಿದೆ. ಆಮೇಲೆ ರಜೆಯ ಒಂದು ದಿನ, ವಿಭಾಗದಲ್ಲಿ ಯಾರೂ ಇಲ್ಲದಾಗ, ಸೆಮಿನಾರ್ ಹಾಲಿಗೆ ಹೋದೆ. ಒಳಗಿನ ದೀಪಗಳನ್ನೆಲ್ಲ ಹಾಕಿ, ಮೇಜನ್ನು ಅದೇ ಜಾಗಕ್ಕೆ ಎಳೆದು, ಅದರ ಮೇಲೆ ಉಮಾಳ ಹಸಿರು ಶಾಲು ಹರಡಿ, ಹೊರಗೆ ಬಂದೆ. ಬಾಗಿಲು ತೆರೆದಿದ್ದಿರಬಹುದಲ್ಲ ಎಂದು ಸಮಾಧಾನಪಡಲು ನೋಡಿದೆ. ಅದಕ್ಕೆ ಸ್ಪ್ರಿಂಗ್ ಇದೆ, ಬಿಟ್ಟ ತಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಗಾಜನ್ನು ಈಚೆಗೆ ಬದಲಿಸಿದ್ದಾರೇನೋ ಎಂದು ನಿರ್ವಹಣೆಯ ವಿಭಾಗಕ್ಕೆ ಹೋಗಿ ರಜೆಯ ಪಾಳಿಯಲ್ಲಿದ್ದವರನ್ನು ವಿಚಾರಿಸಿದೆ, ಹಾಲ್ ಕಟ್ಟಿದಾಗಿನಿಂದ ಅದೇ ಗಾಜು ಎಂದರು. ಮರಳಿ ಬಂದು ಗಾಜಿಗೆ ಮೂಗು ಒತ್ತಿ ನೋಡಿದೆ. ಅದು ಮಬ್ಬು ಗಾಜು. ಬೆಳಕು ಬರುತ್ತದೆ, ಆಚೆ ಇರುವುದು ಯಾವುದೂ ಕಾಣುವುದಿಲ್ಲ.